ತೂಕದಲ್ಲಿ ಹೆಚ್ಚು ಬಂದ ಬೈಬಲ್

ನಮ್ಮ ಯಜಮಾನರು ತಕ್ಕಡಿ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ತೂಕ ತಪ್ಪಿದ ತಕ್ಕಡಿ ತಂದುಕೊಟ್ಟರೆ ಮುಳ್ಳು ನೆಟ್ಟಗೆ ನಿಲ್ಲಿಸಿ ಕೊಡುತ್ತಿದ್ದರು. ಊಟಕ್ಕೆ ಕೂತರೂ ಅದೇ ಬುದ್ಧಿ. ಉಪ್ಪು ಹೆಚ್ಚಾಗಿದೆ ಅಂತ ಮಾತ್ರ ಅಲ್ಲ, ಎಷ್ಟು ಹೆಚ್ಚಾಗಿದೆ ಅಂತಲೂ ಹೇಳುತ್ತಿದ್ದರು.

ಅವರು ಪ್ರೊಟೆಸ್ಟೆಂಟ್, ನಾನು ಕಥೋಲಿಕಳು. ಅವರಿಗೆ ಸತ್ಯವೇದ, ಅಂದರೆ ಬೈಬಲ್, ಒಂದೇ ಸಾಕು. ನಾನು ಏನು ಮಾಡಿದರೂ ಒಂದೇ ಮಾತು: "ಯಾವ ಅಧ್ಯಾಯದಲ್ಲಿದೆ, ತೋರ್ಸು."

ನನಗೆ ಓದು ಅಷ್ಟಕ್ಕಷ್ಟೇ. "ನಮ್ಮಜ್ಜಿ ಮಾಡ್ತಿದ್ರು" ಅನ್ನುತ್ತಿದ್ದೆ.

"ನಿಮ್ಮಜ್ಜಿ ಪುಸ್ತಕ ಬರೆದಿದ್ರಾ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದು ಮಲಗಿದ ಮೇಲೂ ಇತ್ತು.

ಮದುವೆಯಾದ ಹೊಸದರಲ್ಲಿ ಅವರ ಬೈಬಲನ್ನು ಒಂದು ತಟ್ಟೆಗೆ, ನನ್ನದನ್ನು ಇನ್ನೊಂದಕ್ಕೆ ಹಾಕಿದರು. ನನ್ನ ಕಡೆ ಇಳಿಯಿತು. ನಮ್ಮದರಲ್ಲಿ ಏಳು ಪುಸ್ತಕ ಹೆಚ್ಚು.

"ನೋಡು, ಕಲಬೆರಕೆ!"

"ಅಲ್ಲ ರೀ, ನಿಮ್ಮ ಕಡೆ ತೂಕದಲ್ಲಿ ಮೋಸ."

ಸೋತರು. ಆದರೂ ಅದನ್ನೇ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಇರುವುದು ಆ ಹೆಚ್ಚಿನ ಪುಸ್ತಕಗಳಲ್ಲೇ; ಇವರ ಕಡೆ ಆ ಪದ್ಧತಿಯೇ ಇಲ್ಲ. ನಾನು ನನ್ನ ಅಪ್ಪ ಅಮ್ಮನಿಗೆ ಮೇಣದಬತ್ತಿ ಹಚ್ಚುವಾಗ ಇವರು ಹೇಳುತ್ತಿದ್ದರು: "ನಾನು ಹೋದ್ಮೇಲೆ ನನಗೆ ಹಚ್ಬೇಡ. ನನ್ನ ತೂಕ ದೇವರಿಗೆ ಗೊತ್ತು. ನಿನ್ನ ಶಿಫಾರಸು ಬೇಡ."

ಹೋಗಿಯೇಬಿಟ್ಟರು. ಅವರ ಸಭೆಯವರು ಮಣ್ಣು ಮಾಡಿ, ವಾಕ್ಯ ಓದಿ, ಮುಗಿಸಿದರು. ಅದು ಅವರ ಕ್ರಮ. ನನಗೆ ಮುಗಿಯಲಿಲ್ಲ. ಕೈ ಸುಮ್ಮನಿರಲಿಲ್ಲ.

ಒಂದು ಸಂಜೆ ಮೇಜಿನ ಮೇಲಿದ್ದ ಅವರ ತಕ್ಕಡಿಯ ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿದೆ. ಬೇಡ ಅಂದವರ ಮಾತು ಮೀರಿ ಹಚ್ಚುವುದು ಹೇಗೆ? ಹಚ್ಚದೆ ಇರುವುದು ಹೇಗೆ? ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದೆ. ಆಗಲೇ ನಾದಿನಿ ಬಂದಳು. ಸತ್ಯವೇದದ ವಿಷಯದಲ್ಲಿ ಅವಳು ಅಣ್ಣನಿಗಿಂತ ಒಂದು ಕೈ ಮೇಲು.

"ಅತ್ತಿಗೆ! ಏನಿದು?" ಬತ್ತಿಯನ್ನು ತಟ್ಟೆಯಿಂದ ಎತ್ತಿಯೇಬಿಟ್ಟಳು.

"ನಿಮ್ಮಣ್ಣನಿಗೆ ಕಣೇ. ಬೈಯೋದಿದ್ರೆ ಬೈದುಬಿಡು."

"ಅದು ಆಮೇಲೆ. ಕತ್ತಲಾಗ್ತಿದೆ, ಈಗ ತಟ್ಟೇಲಿ ಏನೂ ಇಡಬಾರದು. ಖಾಲಿ ಬಿಡ್ಬೇಕು. ಅಪ್ಪ ಹಾಗೇ ಮಾಡ್ತಿದ್ರು, ತಾತನೂ ಹಾಗೇ."

ಇವರೂ ದಿನಾ ಸಂಜೆ ತಟ್ಟೆ ಖಾಲಿ ಮಾಡುತ್ತಿದ್ದರು. ಒರೆಸುವುದಕ್ಕೆ ಅಂದುಕೊಂಡಿದ್ದೆ.

ನಾದಿನಿಯ ಮುಖ ನೋಡಿದೆ. ಇಷ್ಟು ವರ್ಷ ಕೇಳಿಸಿಕೊಂಡ ಮಾತು ತಾನಾಗಿ ಬಾಯಿಗೆ ಬಂತು.

"ಯಾವ ಅಧ್ಯಾಯದಲ್ಲಿದೆ, ತೋರ್ಸು."

ಅವಳು ನಕ್ಕಳು. ಥೇಟ್ ಅಣ್ಣನ ನಗು. ನಗುತ್ತಲೇ ಅತ್ತಳು.

"ನೀವೂ ಸರಿ ಅತ್ತಿಗೆ, ಅವನಿಗೆ ತಕ್ಕ ಜೋಡಿ" ಅಂತ ಬತ್ತಿಯನ್ನು ನನ್ನ ಕೈಗೆ ಕೊಟ್ಟಳು.

ತಟ್ಟೆ ಖಾಲಿ ಬಿಟ್ಟೆ. ಬತ್ತಿಯನ್ನು ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿ ಹಚ್ಚಿದೆ. ನಾನು ಅವರಿಗಾಗಿ ಪ್ರಾರ್ಥಿಸಿದೆ. ಅವಳು ಪ್ರಾರ್ಥಿಸಲಿಲ್ಲ. ಆದರೆ ಗಾಳಿಗೆ ಬತ್ತಿ ಅಲ್ಲಾಡಿದಾಗ ಎದ್ದುಹೋಗಿ ಕಿಟಕಿ ಮುಚ್ಚಿ ಬಂದಳು.