ಕ್ಲಚ್ ಗೂಡಿನೊಳಗಿನ ನೀಲಿ ಬಟ್ಟೆ

ಹಳೆಯ ಬಿಡಿಭಾಗಗಳ ಬೀದಿಯಲ್ಲಿ ಅವನನ್ನು ಎಲ್ಲರೂ ಗೇರಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿತ್ತೇನೋ. ಗುಜರಿಗೆ ಬಂದ ಕಾರುಗಳಿಂದ ಗೇರ್‌ಬಾಕ್ಸು, ಕ್ಲಚ್ ಪ್ಲೇಟುಗಳನ್ನು ಕಳಚಿ ತಂದು, ಸವೆದದ್ದನ್ನು ಬದಲಿಸಿ ಮಾರುವುದು ಅವನ ಕಸುಬು. ಕಾರಿಗೆ ಬೇರೆ ಎಂಜಿನ್ ಕೂರಿಸಹೊರಟವರಿಗಂತೂ ಅವನ ಅಂಗಡಿಯೇ ಗತಿ. ಎಂಜಿನ್ ಬದಲಾದರೆ ಮೊದಲಿನ ಗೇರ್‌ಬಾಕ್ಸು ಅದಕ್ಕೆ ಹೊಂದುವುದಿಲ್ಲ. ಆ ಎಂಜಿನ್ನಿನ ಜೋಡಿಯನ್ನೇ ಹುಡುಕಬೇಕು.

ಕಳಚುವುದು ಗೇರಪ್ಪನ ಕೆಲಸ, ತೊಳೆಯುವುದು ಹೆಂಡತಿಯ ಕೆಲಸ. ಅಂಗಡಿಯ ಹಿಂದೆ ತಗಡಿನ ಮರೆಯಲ್ಲಿ ಸೀಮೆಎಣ್ಣೆಯ ತಟ್ಟೆ ಇಟ್ಟುಕೊಂಡು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಗೇರುಗಳ ಒಂದೊಂದು ಹಲ್ಲನ್ನೂ ಅವಳು ಉಜ್ಜುತ್ತಿದ್ದಳು.

"ನನ್ನ ಹಲ್ಲನ್ನ ಇಷ್ಟು ಚೆನ್ನಾಗಿ ಉಜ್ಜಿದ್ರೆ ದವಡೆ ಹಲ್ಲು ಕೀಳಿಸೋದು ತಪ್ತಿತ್ತು ಕಣ್ರೀ."

"ಹೋಗಿದ್ದು ಒಂದು ಹಲ್ಲು ತಾನೆ? ನಾಲಿಗೆ ಹಾಗೇ ಇದೆಯಲ್ಲ, ಸಮಾಧಾನ ಮಾಡ್ಕೋ."

"ಆ ನಾಲಿಗೆ ಇಲ್ದೇ ಹೋಗಿದ್ರೆ ಗಿರಾಕಿಗಳು ಗೇರ್‌ಬಾಕ್ಸ್ ಜೊತೆ ನಿಮ್ಮನ್ನೂ ಎತ್ಕೊಂಡು ಹೋಗ್ತಿದ್ರು!"

ಸಿದ್ಧವಾದ ಗೇರ್‌ಬಾಕ್ಸಿಗೆ ಬಟ್ಟೆ ತುರುಕುವುದೂ ಅವಳದೇ ಕೆಲಸ. ಬೀದಿಯ ಧೂಳು ಒಳಗಿಳಿಯಬಾರದು ನೋಡಿ. ಹಿಂದಿನ ಬಾಯಿಗೆ ಒಂದು ಚೂರು. ಮುಂದೆ, ಕ್ಲಚ್ ಕೂರುವ ಗೂಡಿನೊಳಗೆ ಶಾಫ್ಟಿನ ಬುಡಕ್ಕೆ ಸುತ್ತಿ ಇನ್ನೊಂದು ಚೂರು. ಎಲ್ಲವೂ ಅವಳೇ ಉಟ್ಟು ಸವೆಸಿದ ಬಟ್ಟೆಗಳು. ಮಾರುವಾಗ ಗಿರಾಕಿಯ ಕಣ್ಣೆದುರೇ ಗೇರಪ್ಪ ಎರಡನ್ನೂ ಎಳೆದು ತೆಗೆದು, ಆಮೇಲೆ ಮಾಲು ಕೊಡುತ್ತಿದ್ದ. ಆ ನೇಮವನ್ನು ಅವನು ಎಂದೂ ತಪ್ಪಿದವನಲ್ಲ.

ಒಂದು ಚಳಿಗಾಲದಲ್ಲಿ ಜ್ವರ ಅವಳ ಎದೆಗಿಳಿಯಿತು. ವಾರ ತುಂಬುವ ಮೊದಲೇ ಅವಳು ಹೊರಟುಹೋದಳು.

ಅಂಗಡಿಯಲ್ಲಿದ್ದ ಸರಕೆಲ್ಲ ಅವಳು ಬಟ್ಟೆ ತುರುಕಿಟ್ಟದ್ದು. ಒಂದು ಮಾರಾಟವಾದಾಗ ಹಸಿರು ಹೂವಿನ ಬಟ್ಟೆ ಹೊರಬಂತು. ಮಗಳನ್ನು ಮೊದಲ ದಿನ ಶಾಲೆಗೆ ಬಿಡಲು ಹೋದಾಗ ಅವಳು ಉಟ್ಟಿದ್ದದ್ದು. ಇನ್ನೊಂದರಿಂದ ಅಂಚು ಹರಿದ ಹಳದಿ. ಹೀಗೆ ಒಂದೊಂದಾಗಿ ಖಾಲಿಯಾಗುತ್ತ ಕೊನೆಗೆ ನೀಲಿ ಬಟ್ಟೆಯ ಗೇರ್‌ಬಾಕ್ಸೊಂದು ಉಳಿಯಿತು. ಜ್ವರ ಬರುವ ಮುನ್ನ ಅವಳ ಕೈ ಮುಟ್ಟಿದ ಕೊನೆಯ ಸರಕು ಅದು. ಗೇರಪ್ಪ ಅದನ್ನು ಮೂಲೆಗೆ ಸರಿಸಿ ಗೋಣಿಚೀಲ ಹೊದಿಸಿದ. ಕೇಳಿದವರಿಗೆಲ್ಲ "ಅದು ಮಾರಿಹೋಗಿದೆ" ಎನ್ನುತ್ತಿದ್ದ. ತಾಯಿ ಹೋದಮೇಲೆ ಅಂಗಡಿಗೆ ಬಂದು ಕೂರುತ್ತಿದ್ದ ಮಗಳಿಗೆ ನಿಜ ಗೊತ್ತಿತ್ತು; ಅವಳು ಬಾಯಿ ಬಿಡಲಿಲ್ಲ.

ಒಂದು ಬೆಳಗ್ಗೆ ಬಾಡಿಗೆ ಕಾರಿನ ಚಾಲಕನೊಬ್ಬ ಬಂದ. ಅವನಿಗೆ ಬೇಕಾದದ್ದು ಸರಿಯಾಗಿ ಅದೇ ಗೇರ್‌ಬಾಕ್ಸು.

"ಇಲ್ಲಪ್ಪ, ಆ ಮಾಲು ಇಲ್ಲ" ಎಂದ ಗೇರಪ್ಪ.

"ಎಲ್ಲಾ ಕಡೆ ಸುತ್ತಿ ಬಂದೆ ಅಣ್ಣ. ಹೊಸದಾಗಿ ತಂದ ಎಂಜಿನ್ ಮನೆ ಮುಂದೆ ಕೂತಿದೆ, ಕಾರು ಅದರ ಪಕ್ಕ ಕೂತಿದೆ, ಎರಡರ ನಡುವೆ ನಾನು ಕೂತಿದೀನಿ. ಮೂರನ್ನೂ ಸೇರಿಸಿ ಗುಜರಿಗೆ ಹಾಕ್ತೀನಿ ಅಂತಾಳೆ ನನ್ನ ಹೆಂಡ್ತಿ."

ಮಗಳಿಗೆ ನಗು ತಡೆಯಲಿಲ್ಲ. ನಗುತ್ತಲೇ ಅವಳ ಕಣ್ಣು ಮೂಲೆಯ ಗೋಣಿಚೀಲದ ಕಡೆ ಹೋಯಿತು. "ಅಪ್ಪ" ಎಂದಳು ಮೆಲ್ಲನೆ, "ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಅದನ್ನ ಹೊರಗೆ ತಂದಿಡ್ತಿದ್ಳು."

ಗೇರಪ್ಪ ಎದ್ದು ಗೋಣಿ ಸರಿಸಿದ. ಹಿಂದಿನ ಬಾಯಿಯ ಚೂರನ್ನು ಎಳೆದು ತೆಗೆದು ಜೇಬಿಗಿಟ್ಟುಕೊಂಡ. ಮುಂದಿನ ಗೂಡಿನೊಳಗೆ ಕೈಯಿಟ್ಟಾಗ ಅವಳು ಬಿಗಿದಿದ್ದ ಸುತ್ತು ಬೆರಳಿಗೆ ಸಿಕ್ಕಿತು. ಇದನ್ನೂ ಬಿಚ್ಚಿದರೆ ಅವಳು ಮಾಡಿಟ್ಟದ್ದು ಏನೂ ಉಳಿಯುವುದಿಲ್ಲ. ಹೊರಗೆ ಇಣುಕುತ್ತಿದ್ದ ತುದಿಯನ್ನೂ ಅವನು ಬೆರಳಿನಿಂದ ಒಳಕ್ಕೆ ತಳ್ಳಿದ. ಕೂರಿಸುವವರು ನೋಡಿ ತೆಗೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತನ್ನು ಚಾಲಕನಿಗೂ ಹೇಳಬೇಕೆಂದಿದ್ದವನು, "ಬೋಲ್ಟು ನಿಮ್ಮ ಹತ್ರ ಇದಾವಲ್ಲ?" ಎಂದಷ್ಟೇ ಕೇಳಿದ.

ಕೆಲವೇ ದಿನಗಳಲ್ಲಿ ಚಾಲಕನೂ ಅವನ ಭಾವಮೈದುನನೂ ಬೆವರು ಸುರಿಸುತ್ತ ಕಾರನ್ನು ತಳ್ಳಿಕೊಂಡು ಬಂದರು.

"ಎಂಜಿನ್ ಒಂದೇ ಸಮ ಕೂಗುತ್ತೆ ಅಣ್ಣ, ಗಾಡಿ ಮಾತ್ರ ಏರು ಹತ್ತಲ್ಲ. ಸುಟ್ಟ ವಾಸನೆ ಬೇರೆ. ಆಸ್ಪತ್ರೆಗೆ ಹೊರಟಿದ್ದ ಅಜ್ಜಿಯೊಬ್ಬರು ಅರ್ಧ ದಾರಿಯಲ್ಲಿ ಇಳಿದು ನಡೆದುಕೊಂಡು ಹೋಗಬೇಕಾಯ್ತು."

ಗೇರಪ್ಪ ಕಾರಿನಡಿ ಮಲಗಿ, ಬೋಲ್ಟು ಬಿಚ್ಚಿ, ಗೇರ್‌ಬಾಕ್ಸನ್ನು ಇಳಿಸಿದ. ತಿರುಗುವ ಶಾಫ್ಟು ಬಟ್ಟೆಯನ್ನು ಹಗ್ಗದಂತೆ ಹುರಿಮಾಡಿತ್ತು. ಒಂದು ಕೊನೆ ಕ್ಲಚ್ ಪ್ಲೇಟು ಹಿಡಿಯದಂತೆ ಅದರ ಸಂದಿಗೆ ಸಿಕ್ಕಿ ಕರಕಲಾಗಿತ್ತು. ನೀಲಿ ಬಣ್ಣ ಒಂದು ಬೆರಳಗಲವೂ ಉಳಿದಿರಲಿಲ್ಲ.

"ಬಟ್ಟೆನಾ!" ಚಾಲಕ ಭಾವಮೈದುನನತ್ತ ತಿರುಗಿದ. "ಕೂರಿಸೋವಾಗ ನಿನ್ನ ಕಣ್ಣನ್ನ ಡಿಕ್ಕಿಯಲ್ಲಿ ಇಟ್ಟಿದ್ಯೇನೋ?"

"ನೀವೂ ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ರಲ್ಲ ಭಾವ!"

"ಅವನನ್ನ ಬೈಬೇಡಪ್ಪ" ಎಂದ ಗೇರಪ್ಪ ನೆಲದ ಮೇಲೇ ಕುಳಿತು. "ತೆಗೀಬೇಕಾದವನು ನಾನು. ತೆಗೀಲಿಲ್ಲ."

"ಹೋಗ್ಲಿ ಬಿಡಿ ಅಣ್ಣ, ಮರೆತಿರ್ತೀರಿ."

"ಮರೀಲಿಲ್ಲ. ಅದು ನಮ್ಮ ಮನೆಯವಳದು. ಅವಳು ಕಟ್ಟಿದ್ದು. ಬಿಚ್ಚೋಕೆ ಕೈ ಬರಲಿಲ್ಲ."

ಮಗಳು ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಗೇರಪ್ಪ ಕೊಕ್ಕೆ ತೆಗೆದುಕೊಂಡು ಬಟ್ಟೆಯನ್ನು ಎಳೆಎಳೆಯಾಗಿ ಕಿತ್ತ. ಮುಟ್ಟಿದಲ್ಲೆಲ್ಲ ಅದು ಪುಡಿಯಾಗುತ್ತಿತ್ತು. ಒಮ್ಮೆ ಮೂಗಿನ ಬಳಿ ಹಿಡಿದು ನೋಡಿದ. ಬೆಂದ ಕ್ಲಚ್ಚಿನ ವಾಸನೆಯಲ್ಲದೆ ಬೇರೇನೂ ಇರಲಿಲ್ಲ. ಕಸದ ಡಬ್ಬಿಗೆ ಹಾಕಿದ. ಬೇರೊಂದು ಒಳ್ಳೆಯ ಪ್ಲೇಟು ಆರಿಸಿ ತಂದು ಕೂರಿಸಿದ. ಪ್ಲೇಟು ನಡುವಿಗೆ ಬರುವಂತೆ ಮಗಳು ಅದರ ತೂತಿಗೆ ಹಳೆಯ ಶಾಫ್ಟೊಂದನ್ನು ತೂರಿಸಿ ಹಿಡಿದುಕೊಂಡಳು.

"ಸ್ವಲ್ಪ ಮೇಲೆ ಕಣೇ" ಎಂದವನು, ಹೆಂಡತಿಯೊಡನೆ ಮಾತಾಡುತ್ತಿದ್ದ ದನಿಯೇ ಬಂದದ್ದು ಕೇಳಿ ತಡೆದು, "ಮೇಲೆ ಎತ್ತಮ್ಮ" ಎಂದ.

ಸಂಜೆಯ ಹೊತ್ತಿಗೆ ಕಾರು ಬೀದಿಯ ಏರನ್ನು ಸರಾಗವಾಗಿ ಹತ್ತಿ ಹೋಯಿತು. ಮೇಲೆ ತಲುಪಿದ ಚಾಲಕ ಕಿಟಕಿಯಿಂದ ಕೈ ಬೀಸಿದ. ಗೇರಪ್ಪನೂ ಕೈಯೆತ್ತಿದ, ಬೆರಳುಗಳೆಲ್ಲ ಸುಟ್ಟ ಬಟ್ಟೆಯ ಮಸಿ.

ಮಗಳು ಒಂದು ಚೊಂಬು ನೀರೂ ಸೋಪೂ ತಂದಳು. "ಕೈ ತೊಳ್ಕೊಳ್ಳಿ ಅಪ್ಪ. ಊಟವೂ ಮಾಡಿಲ್ಲ ನೀವು."

"ಇರಲಿ ಮಗಳೇ, ಆಮೇಲೆ" ಎಂದು ಅವನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.