ಐದು ಗಂಟೆಯ ಹಂಗಳ ಬಸ್ಸು

ಕೋವಿಡ್ ಗಲಾಟೆಯೆಲ್ಲ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ನಾನು ಗುಂಡ್ಲುಪೇಟೆಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಹೆಸರು ದೊಡ್ಡದು, ಕೆಲಸ ಸೀಟಿ ಊದುವುದು. ಮನೆ ಚಾಮರಾಜನಗರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನನ್ನ ಬಾಯಿ ಜೋರು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದ್ದು ನನ್ನದೇ ಹಟದಿಂದ. ಖೋಖೋ, ಕಬಡ್ಡಿ ಸಾಲದೇ ಎಂದವರಿಗೆ ಸಾಲದು ಎಂದಿದ್ದೆ. ಆ ವರ್ಷದ ಅಂತರ ಕಾಲೇಜು ಪಂದ್ಯಾವಳಿ ಚಾಮರಾಜನಗರದಲ್ಲಿ ನಡೆಯಿತು. ಮೊದಲ ಪಂದ್ಯದಲ್ಲೇ ಏಳು–ಸೊನ್ನೆ. ಸೊನ್ನೆ ನಮ್ಮದು. ಚೆಂಡು ಬಂದರೆ ನಮ್ಮ ಗೋಲ್‌ಕೀಪರ್ ಮುಂದೆ ಓಡುತ್ತಾಳೆ, ಡಿಫೆಂಡರ್ ಹಿಂದೆ ಓಡುತ್ತಾಳೆ, ಇಬ್ಬರೂ ಡಿಕ್ಕಿ ಹೊಡೆದುಕೊಂಡು ಬೀಳುತ್ತಾರೆ, ಚೆಂಡು ತಾನೇ ಉರುಳಿಕೊಂಡು ಗೋಲಿಗೆ ಹೋಗುತ್ತದೆ. ಎರಡು ಗೋಲು ಹೀಗೇ ಆದವು. ನನ್ನೂರಿನ ಜನವೇ ಬೇಲಿ ಹಿಡಿದು ನಗುತ್ತಿದ್ದರು.

ಆ ಉರಿಯನ್ನು ನಾನು ತೀರಿಸಿಕೊಂಡಿದ್ದು ಮಾದೇವಿಯ ಮೇಲೆ. ಹಂಗಳದ ಕಡೆಯ ಹುಡುಗಿ, ಎರಡನೇ ಬಿ.ಎ., ನಮ್ಮ ಸ್ಟಾಪರ್. ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವಳು. ನಾಲ್ಕು ಗಂಟೆಗೆ ಪ್ರಾಕ್ಟೀಸ್ ಶುರುವಾದರೆ ನಾಲ್ಕೂಮುಕ್ಕಾಲಿಗೆ ಬ್ಯಾಗು ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಐದರ ಬಸ್ಸು ಹಿಡಿಯಬೇಕಂತೆ. ಅವಳ ಹಿಂದೆ ಇನ್ನೂ ಮೂವರು. ಎಲ್ಲರ ಮುಂದೆ ಕೂಗಿದೆ: "ಬಸ್ಸೇ ಮುಖ್ಯ ಆದ್ರೆ ಬಸ್ಸಲ್ಲೇ ಆಡ್ಕೋ ಹೋಗು! ನನ್ನ ಟೀಮಿಗೆ ಬರಬೇಡ."

ಮಾರನೆಯ ದಿನ ಅವಳು ಜೆರ್ಸಿಯನ್ನು ಒಗೆದು, ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದಳು. ಪ್ರಾಂಶುಪಾಲರು ನನ್ನನ್ನು ಕರೆಸಿ, "ಇನ್ನೊಂದು ವರ್ಷ ನೋಡೋಣ ಮೇಡಂ. ಫೈನಲ್‌ವರೆಗಾದರೂ ಹೋಗದಿದ್ದರೆ ಫುಟ್‌ಬಾಲ್ ನಿಲ್ಲಿಸಿಬಿಡೋಣ" ಎಂದರು. ಕಟ್ಟಿದ ತಂಡವನ್ನು ಕಣ್ಣೆದುರೇ ಮುಚ್ಚಿ ಮನೆಗೆ ಹೋಗಬೇಕಾಗುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಮುಂದಿನ ವರ್ಷದ ಆರಂಭದಲ್ಲಿ ಎನ್‌ಎಸ್‌ಎಸ್ ಶಿಬಿರಕ್ಕೆ ಜಾಗ ನೋಡಲು ಹಂಗಳಕ್ಕೆ ಹೋಗಬೇಕಾಯಿತು. ಹತ್ತಿದ್ದು ಅದೇ ಐದರ ಬಸ್ಸು. ಕಾಲಿಡಲು ಜಾಗವಿಲ್ಲ. ಬಾಗಿಲ ಹತ್ತಿರ ಕಂಬಿಗೆ ಜೋತುಬಿದ್ದಿದ್ದವರು ಯಾರು? ಮಾದೇವಿ ಮತ್ತು ಆ ಮೂವರು. ನಾಲ್ವರೂ ನನ್ನ ಡಿಫೆಂಡರುಗಳೇ! ಹಾಸ್ಟೆಲಿನವರು, ಪೇಟೆಯವರು ಮುಂದೆ ಆಡುತ್ತಿದ್ದರು, ಬಸ್ಸಿನವರು ಹಿಂದೆ. ಮೊದಲ ಮುಕ್ಕಾಲು ಗಂಟೆ ನಾನು ಎಲ್ಲರನ್ನೂ ಮೈದಾನದ ಸುತ್ತ ಓಡಿಸಿ ಕಸರತ್ತು ಮಾಡಿಸುತ್ತಿದ್ದೆ. ಚೆಂಡು ಹೊರಗೆ ತೆಗೆಯುತ್ತಿದ್ದುದು ಆಮೇಲೆ. ಅಷ್ಟರಲ್ಲಿ ಇವರು ಬಸ್ ಸ್ಟ್ಯಾಂಡಿನಲ್ಲಿ. ಇಡೀ ವರ್ಷ ನನ್ನ ಗೋಲ್‌ಕೀಪರೂ ಡಿಫೆಂಡರುಗಳೂ ಒಂದು ದಿನವೂ ಒಟ್ಟಿಗೆ ಚೆಂಡು ಮುಟ್ಟಿರಲಿಲ್ಲ. ಡಿಕ್ಕಿ ಹೊಡೆಯದೆ ಇನ್ನೇನು ಮಾಡಿಯಾರು! ಮೂವತ್ತು ವರ್ಷದ ಸರ್ವೀಸು, ಇಷ್ಟು ಹೊಳೆದಿರಲಿಲ್ಲ.

ಊರಿಗೆ ಒಂದು ಮೈಲಿ ಮೊದಲೇ ಮಾದೇವಿ ಇಳಿದಳು. ಈ ಬಸ್ಸೇ ಯಾಕೆ ಎಂದು ಕೇಳಿಯೇ ಬಿಡೋಣವೆಂದು ನಾನೂ ಇಳಿದೆ. ರಸ್ತೆ ಪಕ್ಕದಲ್ಲಿ ಅವಳಪ್ಪ ಸಿದ್ದಯ್ಯ ಕೈಯಲ್ಲಿ ದೊಣ್ಣೆ ಹಿಡಿದು ನಿಂತಿದ್ದರು. ಅವರ ಮನೆ ಹೊಲದಾಚೆ, ಕಾಡಿನ ಅಂಚಿಗೆ.

"ಈ ಬಸ್ ತಪ್ಪೋದ್ರೆ ಇನ್ನೊಂದ್ ಬರೋದು ಏಳೂವರ್ಗೆ ಕಣವ್ವಾ," ಎಂದರು. "ಅಷ್ಟೊತ್ಗೆ ಆನೆಗೋಳು ಈ ದಾರೀಲೇ ಕೆರೆಗ್ ಇಳೀತವೆ. ಎಣ್ಣೈಕ್ಳ ಎಂಗವ್ವಾ ನಡುಸ್ಕಂಡ್ ಓಗದು?"

"ಇದನ್ನ ಯಾಕೆ ಹೇಳಲಿಲ್ಲ ನೀನು?" ಎಂದು ಮಾದೇವಿಯನ್ನು ಕೇಳಿದೆ.

"ನೀವು ಕೇಳ್ಲೇ ಇಲ್ವಲ್ಲ ಮೇಡಂ" ಎಂದಳು.

ಕೆನ್ನೆಗೆ ಹೊಡೆದಂತಾಯಿತು. ಅಲ್ಲೇ, ಅವಳಪ್ಪನ ಮುಂದೆಯೇ, ತಪ್ಪಾಯಿತು ಎಂದೆ. ತಂಡಕ್ಕೆ ವಾಪಸ್ ಬಾ ಎಂದೆ. ಏನೇ ಆದರೂ ಐದರ ಬಸ್ಸಿನಲ್ಲಿ ನಿಮ್ಮ ಮಗಳು ಇರುತ್ತಾಳೆ ಎಂದು ಸಿದ್ದಯ್ಯನವರಿಗೆ ಮಾತು ಕೊಟ್ಟೆ.

ಪ್ರಾಕ್ಟೀಸ್ ಬೆಳಗಿನ ಏಳೂವರೆಗೆ ಬದಲಾಯಿತು. ಹಂಗಳದ ಕಡೆಯಿಂದ ಮೊದಲ ಬಸ್ಸು ಬರುವುದೇ ಆಗ. ನಾನು ಚಾಮರಾಜನಗರವನ್ನು ಆರಕ್ಕೇ ಬಿಡಬೇಕಾಗುತ್ತಿತ್ತು. ಬಿಟ್ಟೆ. ಸುಮ್ಮನೆ ಓಡಿಸುವುದು ಕಡಿಮೆಯಾಯಿತು, ಮೊದಲ ನಿಮಿಷದಿಂದಲೇ ಚೆಂಡು. ಚೆಂಡು ತನ್ನದಾದರೆ "ಮೈನ್" ಎಂದು ಕೂಗಿ ಅಂತ ನಾನು ಹೇಳಿಕೊಟ್ಟಿದ್ದೆ, ನಾಚಿಕೊಂಡು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೊಲದಲ್ಲಿ ಹಂದಿ ಓಡಿಸಿ ಪಳಗಿದ ಗಂಟಲು ಮಾದೇವಿಯದು. ಒಂದು ದಿನ "ಬುಡಮ್ಮೀ, ನಂದು!" ಎಂದು ಕಿರುಚಿದಳು ನೋಡಿ, ಗೋಲ್‌ಕೀಪರ್ ನಿಂತಲ್ಲೇ ನಿಂತಳು. ಅದೇ ನಮ್ಮ ತಂಡದ ಭಾಷೆಯಾಯಿತು. ಆಟ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ. ನನ್ನ ಡಬ್ಬಿಯ ಉಪ್ಪಿಟ್ಟನ್ನು ಯಾರೂ ಮೂಸಿ ಕೂಡ ನೋಡುತ್ತಿರಲಿಲ್ಲ.

ಪಂದ್ಯಾವಳಿ ಮತ್ತೆ ಚಾಮರಾಜನಗರದಲ್ಲಿ. ಮೊದಲ ಪಂದ್ಯ ಎರಡು–ಒಂದರಿಂದ ಗೆದ್ದೆವು, ಮುಂದಿನದು ಒಂದು–ಸೊನ್ನೆಯಿಂದ. ಸೆಮಿಫೈನಲ್‌ನಲ್ಲಿ ಎದುರಿಗೆ ಬಂದವರು ನಮಗೆ ಏಳು ಗೋಲು ಹೊಡೆದಿದ್ದ ಅದೇ ಕಾಲೇಜಿನವರು. ಹನ್ನೊಂದಕ್ಕೆ ಆಗಬೇಕಿದ್ದ ಆಟ ಶುರುವಾದಾಗ ಎರಡಾಗಿತ್ತು. ಮುಗಿದಾಗ ಒಂದು–ಒಂದು. ಪೆನಾಲ್ಟಿ ಹೊಡೆದು ತೀರ್ಮಾನಿಸಬೇಕು ಎಂದರು, ಅಂದರೆ ತಂಡಕ್ಕೆ ಐದೈದು ಒದೆತ. ಗಡಿಯಾರ ನೋಡಿದೆ. ಮೂರೂಮುಕ್ಕಾಲು. ಈಗಲೇ ಹೊರಟರೆ ಗುಂಡ್ಲುಪೇಟೆಯಲ್ಲಿ ಐದರ ಬಸ್ಸು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಬಾಡಿಗೆ ಗಾಡಿಗೆ ಮಧ್ಯಾಹ್ನವೇ ಹುಡುಕಿದ್ದೆ. ಮದುವೆ ಮುಹೂರ್ತದ ದಿನ, ಒಂದೂ ಸಿಕ್ಕಿರಲಿಲ್ಲ.

ಸೋತರೆ ತಂಡವೇ ಇರುವುದಿಲ್ಲ. ಆದರೂ ಕೊಟ್ಟ ಮಾತು ಮಾತೇ. ಮಾದೇವಿಯನ್ನು ಕರೆದು, "ನೀವು ನಾಲ್ವರೂ ಹೊರಡಿ. ಉಳಿದವರು ಹೊಡೀತಾರೆ, ಆದದ್ದು ಆಗಲಿ" ಎಂದೆ.

ಅವಳು ನಕ್ಕು ಬೇಲಿಯ ಕಡೆ ಕೈ ತೋರಿಸಿದಳು. "ಅಪ್ಪ ಬಂದವ್ನೆ ಮೇಡಂ."

ಬೇಲಿಯಾಚೆ ಅರಿಶಿನ ಸಾಗಿಸುವ ಟೆಂಪೊ. ಅದಕ್ಕೆ ಒರಗಿ, ಅದೇ ದೊಣ್ಣೆ ಹಿಡಿದು ಸಿದ್ದಯ್ಯ. ಜೊತೆಗೆ ಊರಿನ ಹತ್ತು ಜನ. ನಾನು ಓಡಿಹೋದೆ.

"ಒಂದ್ ದಿಸ ನೀವ್ ನಮ್ ಬಸ್ ಅತ್ತುದ್ರಲ್ಲವ್ವಾ," ಎಂದರು ಅವರು. "ಒಂದ್ ದಿಸ ನಾವು ನಿಮ್ ಫೀಲ್ಡ್‌ಗೆ ಬರ್ಬಾರ್ದಾ? ಆಡ್ಸಿ ನೀವು. ಎಲ್ಲಾರ್ನೂವೆ ಮನೆಗಂಟ ಬುಟ್ಬುಟ್ಟು ಓಯ್ತೀವಿ."

ನಾಲ್ಕು–ಮೂರರಿಂದ ಗೆದ್ದೆವು. ಕೊನೆಯ ಒದೆತ ಮಾದೇವಿಯದು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಗೋಲಾಗಿದ್ದು ಬೇಲಿಯ ಕಡೆಯ ಕೂಗಿನಿಂದ ತಿಳಿಯಿತು. ಮಾರನೆಯ ದಿನದ ಫೈನಲ್‌ನಲ್ಲಿ ಒಂದು ಗೋಲಿನಿಂದ ಸೋತೆವು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಫುಟ್‌ಬಾಲ್ ನಿಲ್ಲಿಸುವ ಮಾತನ್ನು ಪ್ರಾಂಶುಪಾಲರು ಮತ್ತೆ ಎತ್ತಲಿಲ್ಲ.

ಆ ವರ್ಷದ ಕೊನೆಗೆ ನಾನು ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದ ತರುಣನಿಗೆ ಕಪಾಟಿನ ಬೀಗದ ಕೈ, ಚೆಂಡುಗಳು, ರನ್ನರ್ ಅಪ್ ಕಪ್ ಒಪ್ಪಿಸಿದೆ. ಎಲ್ಲಕ್ಕಿಂತ ಮೇಲೆ ಒಂದು ಚೀಟಿಯಿಟ್ಟೆ. ಯಾವ ಹುಡುಗಿ ಯಾವ ಊರಿನವಳು, ಅವಳ ಬಸ್ಸು ಎಷ್ಟು ಗಂಟೆಗೆ ಎಂದು ನನ್ನ ಕೈಯಲ್ಲೇ ಬರೆದಿದ್ದು.

"ಇದೇನು ಮೇಡಂ?" ಎಂದ.

"ಮೊದಲು ಈ ಬಸ್ಸುಗಳನ್ನ ಒಂದೊಂದು ಸಲ ಹತ್ತಿ ಬಾರಪ್ಪ," ಎಂದೆ. "ಸೀಟಿ ಆಮೇಲೆ ಕೊಡ್ತೀನಿ."