ಉಪ್ಪು ನೀರಿನ ತೆಂಗಿನಕಾಯಿ

ನಾನು ಮನುಷ್ಯರ ಹೆಣ ಕೊಯ್ದು ಓದಿದವಳು. ಆದರೆ ಅಂಗಡಿಯಿಂದ ತಂದ ಕೋಳಿಕಾಲನ್ನು ಮುಟ್ಟಲು ನನ್ನ ಕೈ ಮುಂದೆ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಅವಾಂತರಕ್ಕೆಲ್ಲ ಇದೇ ಮೂಲ.

ಆಗ ನಾನು ಮುಂಡರಗಿ ದಾಟಿ ಹೊಳೆಯ ಕಡೆಗಿರುವ ಒಂದು ಸಣ್ಣ ದವಾಖಾನೆಯಲ್ಲಿ ಡಾಕ್ಟರ್ ಆಗಿದ್ದೆ. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ಬಸ್ಸು ಹತ್ತಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಆ ಬೇಸಿಗೆಯಲ್ಲಿ ಒಂದು ಕೂಸು ನನ್ನ ಕೈಯಲ್ಲಿ ಹೋಯಿತು. ವಾಂತಿ ಭೇದಿಯಾಗಿ ಪೂರಾ ಒಣಗಿ ಬಂದಿತ್ತು. ಮೈಯಲ್ಲಿ ನೀರಿಲ್ಲದಾಗ ರಕ್ತನಾಳಗಳು ಒಳಗೆ ಅಡಗಿ ಕೂತುಬಿಡುತ್ತವೆ. ಕೈ, ಪಾದ, ತಲೆ ಎಲ್ಲ ಕಡೆ ಚುಚ್ಚಿದೆ, ಒಂದೂ ಸಿಗಲಿಲ್ಲ. ಸಲೈನ್ ಬಾಟ್ಲಿ ತಲೆಯ ಮೇಲೆ ತೂಗುತ್ತಲೇ ಇತ್ತು, ಕೂಸಿನ ಒಳಗೆ ಒಂದು ಹನಿ ಹೋಗಲಿಲ್ಲ.

ಇಂಥ ಹೊತ್ತಿಗೆಂದೇ ಇನ್ನೊಂದು ದಾರಿಯಿದೆ. ನಾಳ ಸಿಗದಿದ್ದರೆ ಎಲುಬು. ಮೊಣಕಾಲಿನ ಕೆಳಗೆ, ಒಳಮಗ್ಗುಲಿನ ಚಪ್ಪಟೆ ಜಾಗದಲ್ಲಿ ಒಂದು ದಪ್ಪ ಸೂಜಿಯನ್ನು ತಿರುವುತ್ತ ಒತ್ತಿ ಎಲುಬಿನ ಒಳಗಿನ ಮಜ್ಜೆಗೆ ಇಳಿಸಬೇಕು. ಅಲ್ಲಿ ಬಿಟ್ಟ ಸಲೈನು, ಔಷಧ ನೇರವಾಗಿ ರಕ್ತ ಸೇರುತ್ತದೆ. ಎಲುಬು ಎಲ್ಲಿಗೂ ಓಡಿಹೋಗುವುದಿಲ್ಲ, ಅಡಗುವುದೂ ಇಲ್ಲ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆವತ್ತು ಆ ಸೂಜಿ ಕಪಾಟಿನಲ್ಲೇ ಇತ್ತು. ನನಗೆ ಧೈರ್ಯ ಇರಲಿಲ್ಲ, ಅಷ್ಟೇ. ಮನೆಗೆ ಬಂದು ಉಣ್ಣದೆ ಮಲಗಿದೆ. ಅವ್ವ ತಾಟು ಮುಚ್ಚಿಟ್ಟಳು.

ಮುಂದೆ ಕೆಲವು ವಾರಕ್ಕೆ ಗದಗಿನಲ್ಲಿ ಇದರದ್ದೇ ತರಬೇತಿ ಎಂದು ಕಾಗದ ಬಂತು. ಹೋದೆ. ಉದ್ದನೆಯ ಮೇಜಿನ ಮೇಲೆ ಸ್ಟೀಲ್ ತಾಟುಗಳು, ತಾಟಿಗೊಂದು ಕೋಳಿಕಾಲು, ಪಂಕ್ತಿಯೂಟಕ್ಕೆ ಬಡಿಸಿಟ್ಟ ಹಾಗೆ. ಬಂದವರಲ್ಲಿ ಅರ್ಧಕ್ಕರ್ಧ ಮಂದಿ ನನ್ನಂತೆಯೇ ಮೊಟ್ಟೆಯ ಹೆಸರು ಕೇಳಿದರೆ ಮುಖ ತಿರುಗಿಸುವ ಮನೆಗಳವರು. ಒಬ್ಬರು ಇಕ್ಕಳದಲ್ಲಿ ಹಿಡಿದರು. ಒಬ್ಬರು ಇದನ್ನು ಕುದಿಸಿ ಕೊಡಲು ಬರುತ್ತದೆಯೇ ಎಂದು ಕೇಳಿದರು. ನಾನು ಗ್ಲೌಸಿನ ಮೇಲೆ ಗ್ಲೌಸು ಹಾಕಿ, ಕಣ್ಣು ಮುಚ್ಚಿ, ಇದ್ದಬಿದ್ದ ಬಲವೆಲ್ಲ ಹಾಕಿ ಒತ್ತಿದೆ. ಕಣ್ಣು ತೆರೆದಾಗ ಸೂಜಿ ಎಲುಬಿನ ಈ ಕಡೆ ಹೊಕ್ಕು ಆ ಕಡೆ ಹೊರಬಂದು, ತಾಟಿನ ಅಂಚು ತಪ್ಪಿಸಿ, ಮೇಜಿನ ಹಲಗೆಗೆ ನಾಟಿತ್ತು.

ಕಲಿಸಲು ಬಂದಿದ್ದ ಹಿರಿಯ ಡಾಕ್ಟರು ನನ್ನ ಕೈಕೆಲಸವನ್ನು ಬಗ್ಗಿ ನೋಡಿದರು. "ಡಾಕ್ಟರವ್ವಾ, ಈ ಕೋಳಿ ಓಡಿಹೋಗೂದಿಲ್ಲ. ಮೊಳಿ ಬಡಿಯೂದು ಬ್ಯಾಡ."

ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಸೂಜಿಯನ್ನು ಕಿತ್ತು ನನ್ನ ಕೈಗೆ ಕೊಡುತ್ತ ಹೇಳಿದರು. "ಒತ್ತೂದು ಯಾರಿಗಾದ್ರೂ ಬರ್ತೈತಿ. ಮ್ಯಾಲಿನ ಗಟ್ಟಿ ಪದರ ದಾಟಿದ ಕೂಡಲೇ ಒಂದು ಸಡಿಲ ಸಿಗ್ತೈತಿ ನೋಡ್ರಿ, ಅಲ್ಲಿ ನಿಲ್ಲಸೂದು ಕಲೀರಿ. ಈ ಸೂಜಿ ಇಟ್ಕೋರಿ. ನಾಕು ಕಾಲು ಮನಿಗೆ ಒಯ್ದು ಅಭ್ಯಾಸ ಮಾಡ್ರಿ."

ಮನೆಗೆ! ಸೋಮವಾರ ಉಳ್ಳಾಗಡ್ಡಿಯನ್ನೂ ಹೆಚ್ಚದ ಮನೆ ನಮ್ಮದು.

ಸೂಜಿಯನ್ನು ದವಾಖಾನೆಯ ಯಂತ್ರದಲ್ಲಿ ಹಬೆ ಹಾಕಿ ಶುದ್ಧ ಮಾಡಿ, ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ಒಂದು ಸಂಜೆ ಅಡುಗೆಮನೆಯಲ್ಲಿ ಬುಟ್ಟಿ ಕಣ್ಣಿಗೆ ಬಿತ್ತು, ಅದರಲ್ಲಿ ತೆಂಗಿನಕಾಯಿ. ಮೇಲೆ ಗಟ್ಟಿ, ಒಳಗೆ ಮೆತ್ತಗೆ, ಅದರೊಳಗೆ ನೀರು. ಇನ್ನೇನು ಬೇಕು? ಕಾಯಿಯ ಜುಟ್ಟು ಸರಿಸಿದರೆ ಮೂರು ಕಣ್ಣು. ಅದರಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಕೈಗೂಸು ಎಂದುಕೊಂಡೆ. ಉಳಿದ ಎರಡು ಶಾಲೆಗೆ ಹೋಗುವ ಮಕ್ಕಳು. ಚಿಪ್ಪು ದೊಡ್ಡವರದು. ಕೆಳಗೆ ಅಪ್ಪ ಮಗ್ಗದಲ್ಲಿ ಕೂತು ಖಟಖಟ ಮಾಡುತ್ತಿದ್ದಾಗ ನಾನು ಮಾಳಿಗೆಯ ಮೇಲೆ ಕಾಯಿಯನ್ನು ತೊಡೆಸಂದಿನಲ್ಲಿ ಹಿಡಿದು ತಿರುವುತ್ತಿದ್ದೆ. ಮೊದಲ ಮೂರು ಕಾಯಿಯಲ್ಲಿ ಅದೇ ಹಾಡು, ಸೂಜಿ ಸರ್ರನೆ ಒಳಗೆ. ನಾಲ್ಕನೆಯದಕ್ಕೆ ಆ ಸಡಿಲ ಬೆರಳಿಗೆ ತಿಳಿಯಿತು. ಸೂಜಿ ತಾನೇ ನೆಟ್ಟಗೆ ನಿಂತಿತು. ಸಿರಿಂಜು ಹಚ್ಚಿ ಎಳೆದರೆ ಕಾಯಿಯ ನೀರು ಬಂತು. ಅಂದರೆ ಜಾಗ ಸರಿ. ಮುದತು ಮುಗಿದ ಸಲೈನನ್ನು ಒಳಗೆ ತಳ್ಳಿದೆ, ಸೋರಲಿಲ್ಲ. ನನಗಾದ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಎಳೆದೆ, ತಳ್ಳಿದೆ, ಎಳೆದೆ, ತಳ್ಳಿದೆ. ಕೊನೆಗೆ ಆ ಕಾಯಿಯಲ್ಲಿ ಕಾಯಿಯ ನೀರು ಉಳಿದಿರಲಿಲ್ಲ, ಬರೀ ಸಲೈನು. ತೂತಿಗೆ ಮೇಣ ಹಚ್ಚಿ, ಜುಟ್ಟನ್ನು ಮೇಲೆ ಒತ್ತಿ, ಮರುದಿನ ಹೊರಗೆ ಒಯ್ದರಾಯಿತೆಂದು ಬುಟ್ಟಿಯ ತಳದಲ್ಲಿ ಇಟ್ಟೆ.

ಮರುದಿನ ಅಮಾವಾಸ್ಯೆ. ನನಗೆ ಮರೆತಿತ್ತು. ಅವ್ವನಿಗೆ ಮರೆಯುವುದುಂಟೆ?

ಅವ್ವ ಪೂಜೆ ಮುಗಿಸಿ, ಬುಟ್ಟಿಯ ತಳದಲ್ಲಿದ್ದ ಅದೇ ಕಾಯಿ ತೆಗೆದು ಒಡೆದಳು. ನೀರನ್ನು ಬಟ್ಟಲಿಗೆ ಹಿಡಿದು ಎಲ್ಲರಿಗೂ ತೀರ್ಥ ಕೊಟ್ಟಳು. ಅಪ್ಪ ಕುಡಿದು ಬಾಯಿ ಚಪ್ಪರಿಸಿ ನಿಂತುಬಿಟ್ಟರು. "ಉಪ್ಪೈತಿ," ಅಂದರು. ಅವ್ವ ಕುಡಿದಳು. ಹೂ ಕೊಡಲು ಬಂದಿದ್ದ ಪಕ್ಕದ ಮನೆಯ ಕಾಕು ಕುಡಿದಳು. ನನ್ನ ಅಂಗೈಗೂ ಒಂದು ಚಮಚ ಬಿತ್ತು. ಎಲ್ಲ ಗೊತ್ತಿದ್ದ ನಾನು ಅದನ್ನು ಕುಡಿದು, "ಸ್ವಲ್ಪ ಐತಿ," ಎಂದೆ. ನನ್ನ ಜೀವಮಾನದಲ್ಲಿ ಇಷ್ಟು ಹೇಡಿತನದ ಮಾತು ಇನ್ನೊಂದು ಆಡಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಆ ಸೂಜಿ ಕೋಳಿಕಾಲು ಹೊಕ್ಕು ಬಂದದ್ದು. ಹಬೆ ಹಾಕಿದರೆ ಕ್ರಿಮಿ ಸಾಯುತ್ತದೆ, ಮೈಲಿಗೆ ಸಾಯುವುದಿಲ್ಲ. ಕೋಳಿಯಿಂದ ಸೂಜಿಗೆ, ಸೂಜಿಯಿಂದ ಕಾಯಿಗೆ, ಕಾಯಿಯಿಂದ ದೇವರಿಗೆ, ದೇವರಿಂದ ಪಕ್ಕದ ಮನೆಯ ಕಾಕುವಿನ ಹೊಟ್ಟೆಗೆ. ಇದನ್ನು ಯಾವ ಬಾಯಿಯಿಂದ ಹೇಳಲಿ?

ಕಾಕು ಹೋದದ್ದೇ ತಡ, ಓಣಿಯೇ ಬಂತು. ಎಲ್ಲರಿಗೂ ರುಚಿ ನೋಡಬೇಕು. ಅವ್ವ ಚಮಚದಿಂದ ಹನಿಹನಿ ಹಂಚಿದಳು. ದೇವಿ ಅತ್ತಿದ್ದಾಳೆ ಎಂದು ಒಬ್ಬರು, ಗಿಡ ಸವಳು ನೆಲದ್ದು ಎಂದು ಇನ್ನೊಬ್ಬರು. ಒಬ್ಬ ಮುದುಕ ಎರಡನೆಯ ಸಲ ಕೈ ಚಾಚಿ, ನಿನ್ನೆಯಿಂದ ಇದ್ದ ಸುಸ್ತು ಇಳಿಯಿತು ಎಂದ. ಅದರಲ್ಲಿ ಮಾತ್ರ ನನಗೆ ಅನುಮಾನ ಬರಲಿಲ್ಲ, ಸಲೈನಿನ ಕೆಲಸವೇ ಅದು.

ಕೊನೆಗೆ ನಮ್ಮ ಮನೆಯ ಪೂಜೆ ಪುನಸ್ಕಾರಕ್ಕೆ ಬರುವ ಅಯ್ಯನವರನ್ನು ಕರೆಸಿದರು. ಅವರು ಬೆರಳ ತುದಿ ಅದ್ದಿ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿದರು.

"ಇದು ಉಪ್ಪಿನ ಋಣ," ಎಂದರು. "ಈ ಮನ್ಯಾಗ ಯಾರೋ ಉಪ್ಪು ಬಡಿಸಿದ ಎಲಿ ಬಿಟ್ಟು ಎದ್ದಾರ. ಅದು ತೀರೂ ತನಕ ದೇವರು ತಡೀತಾನ, ಆದ್ರ ಬಿಡೂದಿಲ್ಲ."

ಎಲ್ಲರ ಕಣ್ಣೂ ಅಪ್ಪನ ಕಡೆ ತಿರುಗಿತು. ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಹನ್ನೆರಡು ವರ್ಷದ ಹಿಂದೆ ಲಕ್ಷ್ಮೇಶ್ವರದಲ್ಲಿ ದೊಡ್ಡಪ್ಪನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ತುಪ್ಪದ ಗಿಂಡಿ ಬೀಗರ ಸಾಲಿಗೆ ಎರಡು ಸಲ ಹೋಗಿ, ಅಪ್ಪನ ಹೋಳಿಗೆಯನ್ನು ದಾಟಿ ಮುಂದೆ ನಡೆಯಿತು. ಅಪ್ಪ ಎಲೆ ಬಿಟ್ಟು ಎದ್ದರು. ಎದ್ದವರು ಅಣ್ಣನ ಮನೆಯ ಹೊಸ್ತಿಲು ಮತ್ತೆ ತುಳಿದಿರಲಿಲ್ಲ. ಎರಡು ಚಮಚ ತುಪ್ಪಕ್ಕೆ ಅಣ್ಣತಮ್ಮ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು.

ಅಪ್ಪನ ಮುಖ ಬಿಳಿಚಿತು. ಮರುದಿನ ಬೆಳಗಿನ ಬಸ್ಸಿಗೇ ಅವ್ವನನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ದೊಡ್ಡಪ್ಪ ಬಾಗಿಲಲ್ಲೇ ತಮ್ಮನನ್ನು ತಬ್ಬಿಕೊಂಡು ಅತ್ತರಂತೆ. ಹೋಳಿಗೆ ಮಾಡಿಸಿ, ತುಪ್ಪವನ್ನು ಚಮಚದಲ್ಲಲ್ಲ, ತಂಬಿಗೆಯಲ್ಲಿ ಸುರಿದರಂತೆ. ಅಪ್ಪ ಎರಡು ದಿನ ಬಿಟ್ಟು ಮರಳಿದರು, ಹೊಟ್ಟೆ ಕೆಟ್ಟಿತ್ತು, ಮುಖ ಮಾತ್ರ ಹಬ್ಬದ್ದು. ಈಗ ನಾನು ಬಾಯಿ ಬಿಡುವುದು ಹೇಗೆ? ಸುಳ್ಳು ಒಂದು ಕಾಯಿಯಷ್ಟಿದ್ದದ್ದು ಈಗ ಎರಡು ಮನೆಯಷ್ಟಾಗಿತ್ತು. ಅಭ್ಯಾಸ ಮಾತ್ರ ಬಿಡಲಿಲ್ಲ, ಪೇಟೆಯಲ್ಲಿ ನಾನೇ ಕಾಯಿ ಕೊಂಡು ದವಾಖಾನೆಗೆ ಒಯ್ಯತೊಡಗಿದೆ.

ಮುಂದಿನ ವಾರ ಒಂದು ಮಧ್ಯಾಹ್ನ, ಸಿಂಗಟಾಲೂರಿನ ಕಡೆಯಿಂದ ಒಬ್ಬ ಮುದುಕಿ ಟಂಟಂ ಗಾಡಿಯಿಂದ ಇಳಿದಳು. ಮಡಿಲಲ್ಲಿ ಮೊಮ್ಮಗಳು, ವರ್ಷ ತುಂಬಿರಲಿಲ್ಲ. ನೋಡಿದ ಕೂಡಲೇ ಕೂಸನ್ನು ಮೇಜಿನ ಮೇಲೆ ಮಲಗಿಸಿದೆ. ಅದೇ ಗುಳಿಬಿದ್ದ ಕಣ್ಣು, ಅದೇ ಒಣ ತುಟಿ, ಅಳಲೂ ಶಕ್ತಿಯಿಲ್ಲ. ಸಿಸ್ಟರ್ ಎರಡು ಸಲ ನಾಳ ಹುಡುಕಿದಳು, ನಾನು ಒಂದು ಸಲ. ಸಿಗಲಿಲ್ಲ. ಸಿಸ್ಟರ್ ನನ್ನ ಮುಖ ನೋಡಿದಳು. ಹಿಂದಿನ ಕೂಸು ಹೋದಾಗಲೂ ಪಕ್ಕದಲ್ಲಿದ್ದವಳು ಅವಳೇ.

"ಕಪಾಟಿನ್ಯಾಗಿಂದ ಎಲುಬಿನ ಸೂಜಿ ತೊಗೊಂಬಾ," ಎಂದೆ.

ಮುದುಕಿ ನನ್ನ ಮುಂಗೈ ಹಿಡಿದಳು. "ಎಲುಬಿಗ್ಯಾಕ್ರಿ ಬಾಯಾರ? ಹೆಣ್ಣು ಕೂಸು, ಕುಂಟಿ ಆದೀತು."

"ಆಗೂದಿಲ್ಲಮ್ಮ."

"ಮೊದಲ ಎಷ್ಟ ಕೂಸಿಗೆ ಮಾಡೀರಿ?"

ಹದಿನಾಲ್ಕು ಕಾಯಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆವತ್ತು ಮಾತ್ರ ಸುಳ್ಳು ಹೇಳಲಾಗಲಿಲ್ಲ. "ಕೂಸಿಗೆ ಇದ ಮೊದಲು. ಆದ್ರ ಕೈಗೆ ರೂಢಿ ಐತಿ. ಈಗ ಮಾಡಲಿಲ್ಲಂದ್ರ ಉಳಿಯೂದಿಲ್ಲ."

ಅವಳು ನನ್ನ ಕೈ ಬಿಟ್ಟು ಕೂಸಿನ ಪಾದ ಹಿಡಿದುಕೊಂಡಳು.

ಜಾಗ ಒರೆಸಿ, ಸೂಜಿ ಊರಿ, ತಿರುವುತ್ತ ಒತ್ತಿದೆ. ಮೆತ್ತನೆಯ ಕಣ್ಣು, ಮೆತ್ತನೆಯ ಕಣ್ಣು ಎಂದು ಮನಸ್ಸಿನಲ್ಲಿ ಜಪ. ಬೆರಳಿಗೆ ಆ ಸಡಿಲ ಬಂತು. ನಿಲ್ಲಿಸಿದೆ. ಕೈ ತೆಗೆದರೆ ಸೂಜಿ ನೆಟ್ಟಗೆ ನಿಂತಿತ್ತು. ಸಿರಿಂಜಿನಲ್ಲಿ ಎಳೆದಾಗ ಕೆಂಪು ಮಜ್ಜೆ ಕಾಣಿಸಿತು. ಸಲೈನ್ ತಳ್ಳಿದೆ, ಹೋಯಿತು, ಎಲ್ಲೂ ಉಬ್ಬಲಿಲ್ಲ.

"ಮೇಣದಬತ್ತಿ ಕೊಡು," ಎಂದೆ ರೂಢಿಬಲದಿಂದ.

ಸಿಸ್ಟರ್ ಮೇಲಿನ ಟ್ಯೂಬ್‌ಲೈಟ್ ನೋಡಿದಳು. "ಕರೆಂಟ್ ಐತಲ್ರಿ ಮೇಡಂ."

ಪಟ್ಟಿ ಹಚ್ಚಿ ಸೂಜಿಯನ್ನು ಭದ್ರ ಮಾಡಿದೆವು. ಸಿರಿಂಜು ತುಂಬಿ ತುಂಬಿ ತಳ್ಳಿದೆವು. ಕೂಸು ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಾಯಿ ತೆರೆಯಿತು, ಆಮೇಲೆ ದವಾಖಾನೆಯ ತಗಡು ಅದುರುವ ಹಾಗೆ ಅತ್ತಿತು. ಸಿಸ್ಟರೂ ಅತ್ತಳು, ನಾನೂ ಅತ್ತೆ. ಮುದುಕಿ ಒಬ್ಬಳೇ ಅಳಲಿಲ್ಲ, ಕೂಸಿಗೆ ಬೈಯುತ್ತ ಕೂತಳು. ಕೈಯಲ್ಲಿ ನಾಳ ಕಾಣಿಸಿಕೊಂಡ ಮೇಲೆ ಅಲ್ಲೂ ಸಲೈನ್ ಹಚ್ಚಿ, ಆಂಬುಲೆನ್ಸಿನಲ್ಲಿ ಗದಗಿಗೆ ಕಳಿಸಿದೆವು. ಸಂಜೆ ಫೋನ್ ಮಾಡಿದಾಗ ಕೂಸು ಹಾಲು ಕುಡಿಯುತ್ತಿದೆ ಎಂದರು.

ಮನೆಗೆ ಬಂದು ನೇರ ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಸೂಜಿ, ಕಾಯಿ, ಸಲೈನು, ಕೋಳಿ, ಏನೂ ಬಿಡಲಿಲ್ಲ. ಕೋಳಿಯ ಮಾತಿಗೆ ಅವಳ ಕೈ ಒಂದು ಗಳಿಗೆ ನಿಂತಿತು.

"ಅದೊಂದು ಓಣ್ಯಾಗ ಹೇಳಬ್ಯಾಡ," ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. "ಇವತ್ತ ಆ ಕೂಸಿಗೆ ಹಾಕಿದ್ದೂ ಅದ ಉಪ್ಪಿನ ನೀರೇನು?"

"ಅದ."

"ಹಂಗಾದ್ರ ಅಯ್ಯಾರು ಹೇಳಿದ್ದು ಸುಳ್ಳಲ್ಲ. ಈ ಮನ್ಯಾಗ ಉಪ್ಪಿನ ಋಣ ಇತ್ತು. ನಿಮ್ಮಪ್ಪಂದಲ್ಲ, ನಿಂದು. ಅವತ್ತ ಉಣ್ಣದ ಮಕ್ಕೊಂಡಿದ್ದಿಯಲ್ಲ, ಆ ಕೂಸಿಂದು."

ಆ ಕೂಸಿನ ಮಾತನ್ನು ನಾನು ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ಮುಂಡರಗಿ ಬಸ್ಸಿನ್ಯಾಗ ಬರೂ ಮಂದಿಗೆ ಬಾಯಿ ಇರೂದಿಲ್ಲೇನು?"

"ತೀರಿತೇನವ್ವ ಅದು?"

ಅವಳು ರೊಟ್ಟಿ ತಿರುವಿ ಹಾಕಿದಳು. "ಅದು ತೀರೂದಲ್ಲ. ಕುಂಡ್ರು, ಉಣ್ಣು."

ನಮ್ಮ ಮನೆಯ ಪದ್ಧತಿಯಂತೆ ತಾಟಿನ ಅಂಚಿಗೆ ಮೊದಲು ಉಪ್ಪು ಬಡಿಸಿದಳು. ಆಮೇಲೆ ಪಲ್ಯ, ಆಮೇಲೆ ಬಿಸಿ ರೊಟ್ಟಿ. ಮೊದಲ ತುತ್ತನ್ನು ಉಪ್ಪಿಗೆ ಮುಟ್ಟಿಸಿ ಬಾಯಿಗಿಟ್ಟೆ. ಆವತ್ತು ನಾನು ತಾಟು ಬಿಟ್ಟು ಏಳಲಿಲ್ಲ.